ಕಾಡುಮೇಡಿನ ಹಾರಾಟಕ್ಕೆ ಹಳೆಯ ವಿಮಾನ

ವಿಮಾನವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ನೂರಾರು ಜನರನ್ನು ಹೊತ್ತು, ಉದ್ದವಾದ ಕಾಂಕ್ರೀಟು ಹಾದಿಯ ಮೇಲೆ ಓಡಿ ಮೇಲೇರುವ ಮಹಾಯಂತ್ರ. ಆದರೆ ಪ್ರಪಂಚದಲ್ಲಿ ಇನ್ನೊಂದು ಬಗೆಯ ವಿಮಾನಯಾನವೂ ಉಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ಅಲಾಸ್ಕ ರಾಜ್ಯದಲ್ಲಿ ರಸ್ತೆಯನ್ನೇ ಕಾಣದ ಹಳ್ಳಿಗಳು ಎಷ್ಟೋ ಇವೆ. ಅಲ್ಲಿಗೆ ಅಂಚೆಯೂ ಔಷಧವೂ ಹೋಗುವುದು ಚಿಕ್ಕ ವಿಮಾನಗಳಲ್ಲಿ. ಐಡಹೊ ರಾಜ್ಯದ ನಡುವೆ ಇಪ್ಪತ್ತಮೂರು ಲಕ್ಷ ಎಕರೆಗಳಷ್ಟು ವಿಸ್ತಾರವಾದ ಪರ್ವತಾರಣ್ಯವೊಂದನ್ನು 1980ರ ಶಾಸನವು ಶಾಶ್ವತವಾಗಿ ಕಾಯ್ದಿರಿಸಿತು. ಅದರೊಳಗೆ ರಸ್ತೆ ಮಾಡುವಂತಿಲ್ಲ. ಆದರೆ ಅದಕ್ಕೆ ಮೊದಲೇ ಬಳಕೆಯಲ್ಲಿದ್ದ ಪುಟ್ಟ ಇಳಿದಾಣಗಳಲ್ಲಿ ವಿಮಾನಗಳು ಇಳಿಯುವುದಕ್ಕೆ ಅದೇ ಶಾಸನವು ಎಡೆಯಿತ್ತಿತು. ಹುಲ್ಲಿನ ಬಯಲು, ನದಿಯ ದಡದ ಜಲ್ಲಿಯ ದಿಬ್ಬ, ಕಣಿವೆಯ ಒಂದು ಇಳಿಜಾರು, ಇವೇ ಅಲ್ಲಿನ ವಿಮಾನ ನಿಲ್ದಾಣಗಳು.

ಇಂಥ ಕಡೆ ಹಾರುವವರು ಸಾಮಾನ್ಯವಾಗಿ ಹೊಸ ವಿಮಾನವನ್ನು ಕೊಳ್ಳುವುದಿಲ್ಲ. ಈ ಕೆಲಸಕ್ಕೆ ಹೆಸರಾದ ವಿಮಾನಗಳಲ್ಲಿ ಹಲವುಗಳ ತಯಾರಿಕೆ ಎಂದೋ ನಿಂತುಹೋಗಿದೆ. ಸೆಸ್ನ 170 ಎಂಬುದು 1948ರಿಂದ 1956ರವರೆಗೆ ತಯಾರಾಯಿತು. ಸೆಸ್ನ 180 ಎಂಬುದು 1953ರಿಂದ 1981ರವರೆಗೆ. 1949ರಲ್ಲಿ ಹೊರಬಂದ ಪೈಪರ್ ಸೂಪರ್ ಕಬ್ ನಡುನಡುವೆ ನಿಂತರೂ 1994ರವರೆಗೆ ಕಾರ್ಖಾನೆಯಿಂದ ಬರುತ್ತಿತ್ತು. ಆದಕಾರಣ ಮಾರಾಟಕ್ಕೆ ಸಿಗುವ ವಿಮಾನಕ್ಕೆ ಅದನ್ನು ಕೊಳ್ಳುವವನಿಗಿಂತ ವಯಸ್ಸು ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ.

ಅಂಥ ಹಳೆಯ ವಿಮಾನಗಳಲ್ಲಿ ಯಾವುದನ್ನು ಆರಿಸಬೇಕು? ತಪ್ಪಿದರೆ ಹೋಗುವುದು ಹಣವೊಂದೇ ಅಲ್ಲ. ಸುತ್ತಲೂ ಬೆಟ್ಟ, ಕೆಳಗೆ ಹೊಳೆ, ಹತ್ತಾರು ಮೈಲಿಯೊಳಗೆ ಮನುಷ್ಯರ ಸುಳಿವಿಲ್ಲ. ಅಲ್ಲಿ ಯಂತ್ರವು ಕೈಕೊಟ್ಟರೆ ಎರಡನೆಯ ಅವಕಾಶ ದೊರೆಯುವುದು ಕಷ್ಟ. ನಮ್ಮ ವಾಚಕರಲ್ಲಿ ವಿಮಾನವನ್ನು ಕೊಳ್ಳುವವರು ವಿರಳವೆಂಬುದನ್ನು ನಾವು ಬಲ್ಲೆವು. ಆದರೂ ಶಾಲೆಯಲ್ಲಿ ಕಲಿತ ಭೌತಶಾಸ್ತ್ರವು ಒಬ್ಬನ ಪ್ರಾಣವನ್ನು ಕಾಯುವ ಬಗೆಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸುಲಭವಾಗಿ ಸಿಗದು.

ನಿಧಾನವೇ ದೊಡ್ಡ ಗುಣ

ವಿಮಾನವನ್ನು ಹೊಗಳುವವರು ಅದರ ವೇಗವನ್ನು ಹೊಗಳುತ್ತಾರೆ. ಕಾಡುಮೇಡಿನ ವೈಮಾನಿಕನು ಕೇಳುವ ಮೊದಲ ಪ್ರಶ್ನೆ ಇದಕ್ಕೆ ವಿರುದ್ಧವಾದುದು: ಇದು ಎಷ್ಟು ನಿಧಾನವಾಗಿ ಹಾರಬಲ್ಲುದು?

ರೆಕ್ಕೆಯ ಮೇಲೆ ಗಾಳಿಯು ಉಂಟುಮಾಡುವ ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣವನ್ನೂ ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ವೇಗ ಕಡಮೆಯಾದಂತೆಲ್ಲ ವೈಮಾನಿಕನು ವಿಮಾನದ ಮೂತಿಯನ್ನು ಎತ್ತಿ, ಗಾಳಿಗೆ ರೆಕ್ಕೆಯು ಒಡ್ಡುವ ಕೋನವನ್ನು ಹೆಚ್ಚಿಸಿ ಆ ಕೊರತೆಯನ್ನು ತುಂಬುತ್ತಾನೆ. ಆದರೆ ಇದಕ್ಕೊಂದು ಮಿತಿಯಿದೆ. ಕೋನವು ಆ ಮಿತಿಯನ್ನು ಮೀರಿದರೆ ರೆಕ್ಕೆಯ ಮೇಲ್ಮೈಯನ್ನು ಅಪ್ಪಿ ಹರಿಯುತ್ತಿದ್ದ ಗಾಳಿಯು ಕಿತ್ತುಹೋಗಿ, ಎತ್ತುವ ಬಲವು ಥಟ್ಟನೆ ಕುಸಿಯುತ್ತದೆ. ಇದಕ್ಕೆ ವೈಮಾನಿಕರು ‘ಸ್ಟಾಲ್’ ಎನ್ನುವರು. ಆ ಸ್ಥಿತಿಯು ಒದಗುವ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿಯೇ ವಿಮಾನವು ನೆಲಕ್ಕೆ ಇಳಿದುಬರಬೇಕು.

ನೆಲ ಮುಟ್ಟಿದ ವಿಮಾನದಲ್ಲಿರುವ ಚಲನಶಕ್ತಿಯೂ ವೇಗದ ವರ್ಗಕ್ಕೆ ಅನುಗುಣವಾದುದು. ಒಂದು ವಿಮಾನ ಗಂಟೆಗೆ 40 ಮೈಲಿ ವೇಗದಲ್ಲಿಯೂ ಅಷ್ಟೇ ತೂಕದ ಇನ್ನೊಂದು 50 ಮೈಲಿ ವೇಗದಲ್ಲಿಯೂ ಇಳಿದವು ಎಂದುಕೊಳ್ಳೋಣ. ವೇಗದಲ್ಲಿ ವ್ಯತ್ಯಾಸ ಕಾಲುಭಾಗ ಮಾತ್ರ. ಆದರೆ 40ರ ವರ್ಗ 1,600, 50ರ ವರ್ಗ 2,500. ಎಂದರೆ ಶಕ್ತಿಯಲ್ಲಿ ಒಂದೂವರೆಪಟ್ಟಿಗೂ ಮೀರಿದ ವ್ಯತ್ಯಾಸ. ಅಷ್ಟನ್ನೂ ಬಿರಿಗಳೂ ಹುಲ್ಲೂ ನುಂಗಬೇಕು. ಅವು ನುಂಗಲಾರದೆ ಉಳಿದುದನ್ನು ಇಳಿದಾಣದ ಕೊನೆಯಲ್ಲಿರುವ ಮರಗಳು ನುಂಗುತ್ತವೆ.

ನಿಧಾನವಾಗಿ ಹಾರಬೇಕಾದರೆ ರೆಕ್ಕೆಯ ಪ್ರತಿ ಚದರಡಿಯ ಮೇಲೆ ಬೀಳುವ ಹೊರೆ ಕಡಮೆಯಾಗಿರಬೇಕು. 65 ಅಶ್ವಶಕ್ತಿಯ ಹಳೆಯ ಪೈಪರ್ ಕಬ್ ವಿಮಾನದ ಪೂರ್ಣ ತೂಕ 1,220 ಪೌಂಡು, ರೆಕ್ಕೆಯ ವಿಸ್ತೀರ್ಣ 178½ ಚದರಡಿ. ಆದ್ದರಿಂದ ಚದರಡಿಗೆ ಏಳು ಪೌಂಡಿಗಿಂತಲೂ ಕಡಮೆ ಹೊರೆ. ಹೆಚ್ಚುಕಡಮೆ ಅಷ್ಟೇ ರೆಕ್ಕೆಯುಳ್ಳ ಸೂಪರ್ ಕಬ್ 1,750 ಪೌಂಡು ತೂಗುತ್ತದೆ. ಹೊರೆ ಸುಮಾರು 10 ಪೌಂಡು. ನಾಲ್ಕು ಆಸನಗಳ ಸೆಸ್ನ 170ರಲ್ಲಿ ಇದು ಹನ್ನೆರಡೂವರೆಯಾಗುತ್ತದೆ, ಸೆಸ್ನ 180ರಲ್ಲಿ ಹದಿನಾಲ್ಕೂವರೆ. ಇದೊಂದನ್ನೇ ನೋಡಿದರೆ ಹಳೆಯ ಕಬ್ ಎಲ್ಲಕ್ಕಿಂತ ಮೇಲು. ಆದರೆ ಇದು ಅರ್ಧ ಲೆಕ್ಕ ಮಾತ್ರ.

ತೆಳುಗಾಳಿಯ ಲೆಕ್ಕ

ಇಳಿಯುವುದಕ್ಕೆ ಸಾಕಾದ ಸ್ಥಳವೆಲ್ಲವೂ ಏರುವುದಕ್ಕೆ ಸಾಕಾಗದು. ಈ ಮಾತನ್ನು ಮರೆತವರು ಚೆನ್ನಾಗಿಯೇ ಇಳಿದು, ಅಲ್ಲಿಂದ ಹೊರಡಲಾರದೆ ಸಿಕ್ಕಿಬಿದ್ದಿದ್ದಾರೆ. ಹೊರಟೇ ತೀರುವೆವೆಂದು ಹೊರಟು ಪ್ರಾಣ ಕಳೆದುಕೊಂಡವರೂ ಉಂಟು. ಇದಕ್ಕೆ ಮುಖ್ಯ ಕಾರಣ ಗಾಳಿಯ ಸಾಂದ್ರತೆ.

ಸಮುದ್ರಮಟ್ಟದಿಂದ ಮೇಲೆ ಹೋದಂತೆಲ್ಲ ಗಾಳಿ ತೆಳುವಾಗುತ್ತದೆ. ಕಾಯಿಸಿದರೆ ಹಿಗ್ಗಿ ಇನ್ನೂ ತೆಳುವಾಗುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ವಿಜ್ಞಾನಿಗಳು ಮಾದರಿಯೆಂದು ಇಟ್ಟುಕೊಂಡಿರುವ ಉಷ್ಣತೆ ಸುಮಾರು 9 ಡಿಗ್ರಿ ಸೆಂಟಿಗ್ರೇಡ್. ಬೇಸಗೆಯ ಮಧ್ಯಾಹ್ನ ಅಲ್ಲಿ 34 ಡಿಗ್ರಿ ಇದ್ದರೆ ಇಪ್ಪತ್ತೈದು ಡಿಗ್ರಿ ಹೆಚ್ಚಾಯಿತು. ಹೆಚ್ಚಾದ ಒಂದೊಂದು ಡಿಗ್ರಿಗೂ ಸುಮಾರು 120 ಅಡಿಯನ್ನು ಕೂಡಿಸಬೇಕೆಂಬುದು ವೈಮಾನಿಕರ ಬಾಯಿಲೆಕ್ಕ. ಆದ್ದರಿಂದ ಆ ಮಧ್ಯಾಹ್ನ ವಿಮಾನದ ಪಾಲಿಗೆ ಬೆಂಗಳೂರು 6,000 ಅಡಿ ಎತ್ತರದ ಊರಾಗಿಬಿಡುತ್ತದೆ!

ಐಡಹೊವಿನ ಜಾನ್ಸನ್ ಕ್ರೀಕ್ ಎಂಬ ಹೆಸರಾಂತ ಹುಲ್ಲಿನ ಇಳಿದಾಣ 4,933 ಅಡಿ ಎತ್ತರದಲ್ಲಿದೆ. ಉದ್ದ 3,400 ಅಡಿ. ಬೇಸಗೆಯಲ್ಲಿ ಅಲ್ಲಿ 30 ಡಿಗ್ರಿಯಾದಾಗ ಇದೇ ಲೆಕ್ಕದಂತೆ ಅದು ಸುಮಾರು 8,000 ಅಡಿಗೆ ಸಮನಾಗುತ್ತದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ನೂರಕ್ಕೆ 79 ಭಾಗ ಮಾತ್ರ. ಇದರಿಂದ ವಿಮಾನಕ್ಕೆ ಮೂರು ಬಗೆಯ ಹೊಡೆತ ಬೀಳುತ್ತದೆ. ಸಿಲಿಂಡರಿನೊಳಗೆ ಆಮ್ಲಜನಕ ಕಡಮೆಯಾಗಿ ಎಂಜಿನ್ನಿನ ಶಕ್ತಿ ಸುಮಾರು ಮುಕ್ಕಾಲಿಗೆ ಇಳಿಯುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳಲು ಸಿಗುವ ಗಾಳಿಯೂ ತೆಳು. ಮೂರನೆಯದಾಗಿ, ರೆಕ್ಕೆಯು ಅದೇ ತೂಕವನ್ನು ಎತ್ತಲು ನೂರಕ್ಕೆ ಹದಿಮೂರರಷ್ಟು ಹೆಚ್ಚು ವೇಗವನ್ನು ಬೇಡುತ್ತದೆ. ಶಕ್ತಿ ಕುಗ್ಗಿರುವಾಗ ಬೇಕಾದ ವೇಗ ಹೆಚ್ಚಿದರೆ ಓಟದ ಉದ್ದ ಏನಾಗುವುದೆಂದು ವಾಚಕರೇ ಊಹಿಸಬಹುದು.

ಈಗ ಪ್ರತಿಯೊಂದು ಅಶ್ವಶಕ್ತಿಯು ಎಷ್ಟು ಪೌಂಡನ್ನು ಹೊರಬೇಕೆಂದು ನೋಡೋಣ. ಆ ಬಿಸಿಲಿನಲ್ಲಿ ಹಳೆಯ ಕಬ್ ವಿಮಾನದ 65 ಅಶ್ವಶಕ್ತಿ 49ಕ್ಕೆ ಇಳಿಯುತ್ತದೆ. ಒಂದೊಂದರ ಪಾಲಿಗೆ 25 ಪೌಂಡು. ಸೆಸ್ನ 170ರ 145 ಅಶ್ವಶಕ್ತಿ 110 ಆಗುತ್ತದೆ; ಪಾಲು 20 ಪೌಂಡು. 150 ಅಶ್ವಶಕ್ತಿಯ ಸೂಪರ್ ಕಬ್, 225 ಅಶ್ವಶಕ್ತಿಯ ಮೊದಮೊದಲ ಸೆಸ್ನ 180, ಇವೆರಡರಲ್ಲಿ ಮಾತ್ರ ಅದು 15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಇಬ್ಬರಿಗೆ ಸೂಪರ್ ಕಬ್, ಕುಟುಂಬಕ್ಕೆ ಅಥವಾ ಸಾಮಾನಿಗೆ ಸೆಸ್ನ 180 ಎಂಬ ಮಾತು ಪರ್ವತ ಪ್ರದೇಶದಲ್ಲಿ ಬೇರೂರಿರುವುದರ ಗುಟ್ಟು ಇದೇ. ಸಮುದ್ರಮಟ್ಟಕ್ಕೆ ಹತ್ತಿರವಾದ ನದಿಯ ದಿಬ್ಬಗಳಲ್ಲಿ, ತಂಪಾದ ಗಾಳಿಯಲ್ಲಿ, ಸೆಸ್ನ 170 ಒಳ್ಳೆಯ ಸಂಗಾತಿ. ಅದನ್ನೇ ಬಿಸಿಲು ಬೆಟ್ಟಗಳಿಗೆ ತುಂಬಿದ ಹೊರೆಯೊಡನೆ ಒಯ್ಯುವುದು ಅವಿವೇಕ. ಹೀಗಾಗಿ ಯಾವ ವಿಮಾನ ಒಳ್ಳೆಯದೆಂಬ ಪ್ರಶ್ನೆಗೆ ಉತ್ತರ ಹೇಳುವ ಮೊದಲು, ಯಾವ ನೆಲಕ್ಕೆ, ಎಷ್ಟು ಹೊರೆಗೆ ಎಂದು ಕೇಳಲೇಬೇಕು.

ಗಾಲಿ ಮುಂದೆಯೋ ಹಿಂದೆಯೋ

ಸೂಪರ್ ಕಬ್, ಸೆಸ್ನ 170, 180 ಇವುಗಳ ಮೂರನೆಯ ಗಾಲಿ ಬಾಲದಲ್ಲಿದೆ. 1956ರಲ್ಲಿ ಬಂದ ಸೆಸ್ನ 182ರಲ್ಲಿ ಅದು ಮೂತಿಯ ಕೆಳಗಿದೆ. ಕೈಗಾಡಿಯನ್ನು ಎಳೆದುಕೊಂಡು ಹೋದರೆ ಅದು ತಾನಾಗಿ ನೆಟ್ಟಗೆ ಬರುತ್ತದೆ. ಅದನ್ನೇ ಹಿಂದಿನಿಂದ ತಳ್ಳಿದರೆ ಒಂದು ಪಕ್ಕಕ್ಕೆ ತಿರುಗಲು ಹವಣಿಸುತ್ತದೆ. ಬಾಲದ ಗಾಲಿಯ ವಿಮಾನದಲ್ಲಿ ಗುರುತ್ವಕೇಂದ್ರವು ಮುಖ್ಯ ಗಾಲಿಗಳ ಹಿಂದೆ ಇರುವುದರಿಂದ ಅದರ ಸ್ವಭಾವ ತಳ್ಳುವ ಗಾಡಿಯದು. ವೈಮಾನಿಕನ ಪಾದಗಳು ಒಂದು ಕ್ಷಣ ಮೈಮರೆತರೆ ಅದು ಗಿರ್ರನೆ ತಿರುಗಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಬಡಿಯುತ್ತದೆ.

ಹಾಗಿದ್ದರೂ ಒರಟು ನೆಲದಲ್ಲಿ ಇದನ್ನೇ ಬಯಸುವುದೇಕೆ? ಪ್ರೊಪೆಲ್ಲರ್ ನೆಲದಿಂದ ಮೇಲಿರುತ್ತದೆ, ಕಲ್ಲುಗಳು ಅದಕ್ಕೆ ತಗಲುವುದು ಕಡಮೆ. ಗುಂಡಿಗೆ ಸಿಕ್ಕಿ ಮುರಿಯಬಲ್ಲ ಮುಂಗಾಲು ಇಲ್ಲ. ಅಲಾಸ್ಕದವರು ಹಾಕುವ ದಪ್ಪನೆಯ, ಕಡಮೆ ಗಾಳಿಯ ಟೈರುಗಳು ಇದಕ್ಕೆ ಚೆನ್ನಾಗಿ ಒಪ್ಪುತ್ತವೆ. ಆದರೆ ಸಾಧಾರಣ ಹುಲ್ಲಿನ ಬಯಲುಗಳಿಗೆ ಮಾತ್ರ ಹೋಗುವವನಿಗೆ, ಅಭ್ಯಾಸ ಸಾಲದವನಿಗೆ, ಸೆಸ್ನ 182 ಹೆಚ್ಚು ಕ್ಷೇಮ. ತನ್ನ ಕೈಗೆ ಮೀರಿದ ವಿಮಾನವು ಎಷ್ಟು ಶ್ರೇಷ್ಠವಾಗಿದ್ದರೂ ಕೊಳ್ಳುವವನಿಗೆ ಅದು ಒಳ್ಳೆಯ ವಿಮಾನವಲ್ಲ.

ಕಾಣದಂತೆ ಬೆಳೆಯುವ ತೂಕ

ವಿಮಾನಕ್ಕೆ ವಯಸ್ಸಾದಂತೆ ಮನುಷ್ಯರಂತೆಯೇ ಅದೂ ದಪ್ಪವಾಗುತ್ತದೆ. ಮೇಲಿಂದ ಮೇಲೆ ಹಚ್ಚಿದ ಬಣ್ಣ, ದೊಡ್ಡ ಗಾಲಿ, ಹೊಸ ಆಸನ, ರೇಡಿಯೊ, ಎಂದೋ ಹಾಕಿ ಮರೆತ ತಂತಿಗಳು, ಎಲ್ಲವೂ ತೂಕವೇ. ಕಾರ್ಖಾನೆಯಿಂದ ಬಂದಾಗ ಸೂಪರ್ ಕಬ್ ಖಾಲಿ ತೂಕ ಸುಮಾರು 930 ಪೌಂಡು; ಹೊರಬಹುದಾದ ಹೊರೆ 820 ಪೌಂಡು. ತಲಾ 170 ಪೌಂಡಿನ ಇಬ್ಬರು, 36 ಗ್ಯಾಲನ್ ಪೆಟ್ರೋಲಿನ 216 ಪೌಂಡು, ಒಟ್ಟು 556. ಉಳಿದದ್ದು 264 ಪೌಂಡು. ಡೇರೆ, ಆಹಾರ, ಉಪಕರಣಗಳಿಗೆ ಧಾರಾಳ. ಅದೇ ವಿಮಾನದ ಖಾಲಿ ತೂಕ 1,150ಕ್ಕೆ ಬೆಳೆದಿದ್ದರೆ ಉಳಿಯುವುದು 44 ಪೌಂಡು ಮಾತ್ರ! ಆದ್ದರಿಂದ ಹಳೆಯ ಕಾಗದದಲ್ಲಿ ಬರೆದ ತೂಕವನ್ನು ನಂಬದೆ ವಿಮಾನವನ್ನು ತಕ್ಕಡಿಗಳ ಮೇಲೆ ನಿಲ್ಲಿಸಿ ತೂಗಿಸುವುದು ಜಾಣತನ.

ಹಲ್ಲು ನೋಡಿ ಎತ್ತು ಕೊಳ್ಳುವ ಹಾಗೆ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ವಿಮಾನ ಕೊಳ್ಳುವವನಿಗೂ ಇದೇ ನೀತಿ.

ಮೊದಲು ಎಂಜಿನ್. ಪೂರ್ತಿಯಾಗಿ ಬಿಚ್ಚಿ ಹೊಸದು ಮಾಡಿದ ಮೇಲೆ ಅದು ಎಷ್ಟು ಗಂಟೆ ಓಡಿದೆಯೆಂಬುದನ್ನು ಮಾರುವವರು ದಪ್ಪಕ್ಷರದಲ್ಲಿ ಹೇಳುತ್ತಾರೆ. ಸೂಪರ್ ಕಬ್ ವಿಮಾನದ 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ನಿಗೆ 2,000 ಗಂಟೆಗಳ ಅವಧಿಯನ್ನು ಸಲಹೆಮಾಡಲಾಗಿದೆ. ಹಾಗಾದರೆ 300 ಗಂಟೆ ಮಾತ್ರ ಓಡಿದ್ದು ಬಹಳ ಲಾಭದ ವ್ಯಾಪಾರವೆಂದು ತೋರುತ್ತದೆ. ಆದರೆ ಆ 300 ಗಂಟೆಗಳು ಇಪ್ಪತ್ತು ವರ್ಷಗಳಲ್ಲಿ ಹರಡಿಕೊಂಡಿದ್ದರೆ? ಈ ಎಂಜಿನ್ನಿನಲ್ಲಿ ಕವಾಟಗಳನ್ನು ಎತ್ತುವ ಕ್ಯಾಮ್ ದಂಡವು ಮೇಲ್ಭಾಗದಲ್ಲಿದೆ. ಎಂಜಿನ್ ತಿಂಗಳುಗಟ್ಟಲೆ ಸುಮ್ಮನೆ ನಿಂತರೆ ಎಣ್ಣೆಯೆಲ್ಲ ಕೆಳಕ್ಕಿಳಿದು, ದಂಡವು ಬರಿಮೈಯಾಗಿ ತೇವಕ್ಕೆ ತುಕ್ಕು ಹಿಡಿಯುತ್ತದೆ. ಮತ್ತೆ ಓಡಿಸಿದಾಗ ತುಕ್ಕಿನ ಗುಳಿಗಳಿಂದ ಲೋಹವು ಸವೆದು ಎಣ್ಣೆಯಲ್ಲಿ ಸೇರುತ್ತದೆ. ಆದುದರಿಂದಲೇ ತಯಾರಕರು ಗಂಟೆಗಳ ಜೊತೆಗೆ ಹನ್ನೆರಡು ವರ್ಷಗಳ ಮಿತಿಯನ್ನೂ ಸೂಚಿಸಿದ್ದಾರೆ. ವಾರವಾರವೂ ಓಡಿದ 1,200 ಗಂಟೆಗಳ ಎಂಜಿನ್, ಮೂಲೆಯಲ್ಲಿ ನಿದ್ರಿಸಿದ 300 ಗಂಟೆಗಳ ಎಂಜಿನ್ನಿಗಿಂತ ಎಷ್ಟೋ ಸಲ ನಂಬಿಕೆಗೆ ಯೋಗ್ಯ. ಎಣ್ಣೆ ಸೋಸುವ ಫಿಲ್ಟರನ್ನು ಕೊಯ್ದು ಬಿಡಿಸಿ, ಮಡಿಕೆಗಳಲ್ಲಿ ಲೋಹದ ಹೊಳಪಿದೆಯೇ ಎಂದು ನೋಡುವುದು ಇದಕ್ಕೊಂದು ಸುಲಭ ಪರೀಕ್ಷೆ.

ಇನ್ನೊಂದು ಪರೀಕ್ಷೆ ಸೋರಿಕೆಯದು. ಪಿಸ್ಟನ್ನನ್ನು ಮೇಲ್ತುದಿಯಲ್ಲಿ ನಿಲ್ಲಿಸಿ ಸಿಲಿಂಡರಿಗೆ ಚದರಂಗುಲಕ್ಕೆ 80 ಪೌಂಡು ಒತ್ತಡದ ಗಾಳಿಯನ್ನು ಸಣ್ಣ ರಂಧ್ರದ ಮೂಲಕ ಬಿಡುತ್ತಾರೆ. ಒಳಗೆ ಎಷ್ಟು ಒತ್ತಡ ನಿಲ್ಲುವುದೆಂದು ಎರಡನೆಯ ಮಾಪಕ ತೋರಿಸುತ್ತದೆ. ಎಪ್ಪತ್ತರ ಮೇಲೆ ನಿಂತರೆ ಸಂತೋಷ. ಕಡಮೆಯಾದರೆ ಕಿವಿಗೊಟ್ಟು ಕೇಳಬೇಕು. ಹೊಗೆಕೊಳವೆಯಲ್ಲಿ ಬುಸುಗುಟ್ಟಿದರೆ ಹೊರಗವಾಟ ಸೋರುತ್ತಿದೆ. ಎಣ್ಣೆ ಹಾಕುವ ಬಾಯಿಯಲ್ಲಿ ಬುಸುಗುಟ್ಟಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ. ವೈದ್ಯನ ಎದೆದರ್ಶಕದಂತೆಯೇ ಇದು!

ಬಟ್ಟೆಯ ಕೆಳಗಿನ ತುಕ್ಕು

ಎಂಜಿನ್ ಕೆಟ್ಟರೆ ಬದಲಿಸಬಹುದು. ಮೈಕಟ್ಟು ಕೆಟ್ಟಿದ್ದರೆ ವಿಮಾನವೇ ಇಲ್ಲ. ಸೂಪರ್ ಕಬ್ ವಿಮಾನದ ಒಡಲು ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಪಂಜರ. ಮೇಲೆ ಬಿಗಿದ ಬಟ್ಟೆಯ ಹೊದಿಕೆ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ತಯಾರಿಸಿ, 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಕೂಡ ಇದೇ ರೀತಿಯ ರಚನೆಯುಳ್ಳ ಇಬ್ಬರು ಕೂರುವ ವಿಮಾನ. ನಮ್ಮ ದೇಶದ ಹಲವು ವಿಮಾನ ಶಿಕ್ಷಣ ಸಂಸ್ಥೆಗಳಲ್ಲಿ ಅದು ದುಡಿದಿದೆ. ಈ ರಚನೆ ಹಗುರ, ಗಟ್ಟಿ, ರಿಪೇರಿಗೆ ಸುಲಭ. ಆದರೆ ಹೊದಿಕೆಯು ರೋಗವನ್ನು ಮರೆಮಾಡುತ್ತದೆ. ಬಾಲದ ಕಡೆಗೆ ಕೆಳಭಾಗದಲ್ಲಿರುವ ಕೊಳವೆಗಳಲ್ಲಿ ನೀರು ನಿಂತು ತುಕ್ಕು ತಿನ್ನುತ್ತದೆ. ಅನುಭವಿಯಾದ ಯಂತ್ರಜ್ಞನು ಅಲ್ಲಿ ಮೊನೆಯಾದ ಉಪಕರಣವನ್ನು ಒತ್ತಿ ನೋಡುತ್ತಾನೆ. ಒಳ್ಳೆಯ ಉಕ್ಕು ಜಗ್ಗದು, ತುಕ್ಕು ತಿಂದದ್ದು ತೂತಾಗುತ್ತದೆ.

ಇದಕ್ಕಿಂತಲೂ ಭಯಂಕರವಾದುದು ರೆಕ್ಕೆಯನ್ನು ಒಡಲಿಗೆ ಆತುಕೊಡುವ ಓರೆಗಂಬಗಳ ತುಕ್ಕು. ಹಳೆಯ ಪೈಪರ್ ವಿಮಾನಗಳಲ್ಲಿ ಇವು ಒಳಗೆ ಟೊಳ್ಳು. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗೆ ಸವೆದಿರಬಹುದು. ಓರೆಗಂಬ ಮುರಿದರೆ ರೆಕ್ಕೆ ಉಳಿಯುವುದಿಲ್ಲ. ಅಮೆರಿಕದ ವಿಮಾನಯಾನ ಆಡಳಿತವು 1993ರಲ್ಲಿ ಆಜ್ಞೆ ಹೊರಡಿಸಿ, ಇವುಗಳನ್ನು ಗೊತ್ತಾದ ಅವಧಿಗೊಮ್ಮೆ ಪರೀಕ್ಷಿಸಬೇಕೆಂದು ಕಡ್ಡಾಯಮಾಡಿತು. ಗಾಳಿ ನೀರು ಹೊಗದಂತೆ ಮುಚ್ಚಿದ ಹೊಸ ಕಂಬಗಳನ್ನು ಹಾಕಿಸಿದ್ದರೆ ಆ ಚಿಂತೆ ತಪ್ಪಿತು.

ಈ ಸೆಸ್ನ ವಿಮಾನಗಳಲ್ಲಿ ಹೆಚ್ಚಿನವು ಪೂರ್ತಿ ಲೋಹದವು. ಅಲ್ಲಿ ನೋಡಬೇಕಾದುದು ತಗಡಿನ ಸುಕ್ಕು, ಸಡಿಲವಾದ ರಿವೆಟ್ಟು, ಕಾಲುಗಳು ಒಡಲಿಗೆ ಸೇರುವ ಪೆಟ್ಟಿಗೆಯಂಥ ಭಾಗದ ಬಿರುಕು. ಬಾಲದ ಗಾಲಿಯ ವಿಮಾನ ಎಂದಾದರೂ ಗಿರ್ರನೆ ತಿರುಗಿದ್ದರೆ ಆ ಭಾಗವು ಸಾಕ್ಷಿ ನುಡಿಯುತ್ತದೆ. ಸೆಸ್ನ 182ರಲ್ಲಿ ಎಂಜಿನ್ನಿನ ಹಿಂದಿರುವ ಬೆಂಕಿತಡೆಯ ಗೋಡೆ ಸುಕ್ಕಾಗಿದ್ದರೆ, ಮೂತಿಯ ಗಾಲಿ ನೆಲಕ್ಕೆ ಬಡಿದಿತ್ತೆಂದು ತಿಳಿಯಬೇಕು.

ಕಾಡುಮೇಡಿನಲ್ಲಿ ದುಡಿದ ವಿಮಾನಗಳಲ್ಲಿ ಎಂದೂ ಪೆಟ್ಟು ತಿನ್ನದವು ಅಪರೂಪ. ಆದ್ದರಿಂದ ಪೆಟ್ಟು ಬಿದ್ದಿತ್ತೇ ಎಂಬುದಕ್ಕಿಂತ, ಅದನ್ನು ಹೇಗೆ ರಿಪೇರಿ ಮಾಡಿದರು, ಬರೆದಿಟ್ಟಿದ್ದಾರೆಯೇ ಎಂಬ ಪ್ರಶ್ನೆ ಮುಖ್ಯ. ಅಳತೆಯ ಪಟ್ಟಿಯೊಂದನ್ನು ಹಿಡಿದು ಎಡರೆಕ್ಕೆಯ ತುದಿಯಿಂದ ಬಾಲಕ್ಕೂ ಬಲರೆಕ್ಕೆಯ ತುದಿಯಿಂದ ಬಾಲಕ್ಕೂ ಇರುವ ದೂರವನ್ನು ಹೋಲಿಸಿದರೆ ಎಷ್ಟೋ ಸಂಗತಿ ಹೊರಬೀಳುತ್ತದೆ. ಹಾರಿಸಿ ನೋಡುವಾಗಲೂ ಹಾಗೆಯೇ. ಸಾಕಷ್ಟು ಎತ್ತರದಲ್ಲಿ, ಬಲ್ಲವನ ಕೈಯಲ್ಲಿ, ಮೆಲ್ಲನೆ ಸ್ಟಾಲ್ ಸ್ಥಿತಿಗೆ ತಂದಾಗ ಒಳ್ಳೆಯ ವಿಮಾನ ಮೂತಿಯನ್ನು ನೆಟ್ಟಗೆ ತಗ್ಗಿಸುತ್ತದೆ. ಪ್ರತಿಸಲವೂ ಒಂದೇ ಪಕ್ಕಕ್ಕೆ ವಾಲುವ ವಿಮಾನದ ರೆಕ್ಕೆಗಳು ಸಮವಾಗಿಲ್ಲವೆಂದು ಶಂಕಿಸಬೇಕು.

ಕಾಗದವೂ ಯಂತ್ರದ ಅಂಗವೇ

ಒಂದೊಂದು ವಿಮಾನಕ್ಕೂ ಹುಟ್ಟಿದಂದಿನಿಂದ ಬರೆದಿಟ್ಟ ಲಾಗ್ ಪುಸ್ತಕಗಳಿರಬೇಕು. ಆಡಳಿತದ ಸುರಕ್ಷತಾ ಆಜ್ಞೆಗಳನ್ನೆಲ್ಲ ಪಾಲಿಸಿದ ದಾಖಲೆ, ದೊಡ್ಡ ಗಾಲಿಯಿಂದ ಹಿಡಿದು ಹೊಸ ಎಂಜಿನ್ನಿನವರೆಗೆ ಪ್ರತಿಯೊಂದು ಮಾರ್ಪಾಡಿಗೂ ಒಪ್ಪಿಗೆಯ ಪತ್ರ ಇರಬೇಕು. ಪುಸ್ತಕದಲ್ಲಿ ಐದಾರು ವರ್ಷಗಳ ಅಂತರ ಕಂಡರೆ ಆ ಕಾಲದಲ್ಲಿ ವಿಮಾನ ಎಲ್ಲಿ, ಹೇಗೆ ನಿಂತಿತ್ತೆಂದು ಕೇಳಬೇಕು. ಹಣ ಕೊಡುವ ಮೊದಲು ಪರೀಕ್ಷೆ ಮಾಡುವ ಯಂತ್ರಜ್ಞನು ಕೊಳ್ಳುವವನ ಕಡೆಯವನಾಗಿರಬೇಕು. ಮಾರುವವನ ವಿಮಾನವನ್ನು ವರ್ಷವರ್ಷವೂ ನೋಡಿಕೊಂಡು ಬಂದವನಾಗಿರಬಾರದು. ತಾನೇ ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದು ಎಂಥ ಪ್ರಾಮಾಣಿಕನಿಗೂ ಕಷ್ಟ. ಕೊನೆಗೆ, ಮಾರುವವನು ಹೇಳಿದ ಬೆಲೆಗೆ ರಿಪೇರಿಯ ವೆಚ್ಚವನ್ನು ಕೂಡಿಸಿ ನೋಡಬೇಕು. ಅಗ್ಗವಾಗಿ ಕಂಡ ವಿಮಾನ ಎಷ್ಟೋ ಸಲ ಎಲ್ಲಕ್ಕಿಂತ ದುಬಾರಿಯಾಗುವುದು ಈ ಕೂಡಿಕೆಯಲ್ಲಿಯೇ.

ರೆಕ್ಕೆಯ ಹೊರೆ, ಅಶ್ವಶಕ್ತಿಯ ಪಾಲು, ಗಾಳಿಯ ಸಾಂದ್ರತೆ, ಲೋಹದ ಆರೋಗ್ಯ ಈ ನಾಲ್ಕನ್ನು ಬಲ್ಲವನು ಹಳೆಯ ವಿಮಾನಕ್ಕೆ ಹೆದರಬೇಕಾಗಿಲ್ಲ. ಚೆನ್ನಾಗಿ ಪಾಲಿಸಿದ ಅರುವತ್ತು ವರ್ಷದ ಸೆಸ್ನ ಇಂದಿಗೂ ಕಣಿವೆಗಳಿಂದ ಕ್ಷೇಮವಾಗಿ ಮೇಲೇರುತ್ತಿದೆ. ಆದರೆ ಯಾವ ಲೆಕ್ಕವೂ ಬಿಸಿಲಿನ ಮಧ್ಯಾಹ್ನವನ್ನು ಮುಂಜಾವನ್ನಾಗಿ ಮಾಡಲಾರದು. ಅದಕ್ಕಾಗಿಯೇ ಪರ್ವತದ ಅನುಭವಿ ವೈಮಾನಿಕರು ನಸುಕಿನಲ್ಲಿಯೇ ಎದ್ದು, ಗಾಳಿ ತಣ್ಣಗೆ ದಟ್ಟವಾಗಿರುವಾಗ ಹೊರಡುತ್ತಾರೆ. ಬಿಸಿಲೇರಿದ ಮೇಲೆ ತಂಪಿನ ಹೊತ್ತಿಗಾಗಿ ಕಾದು ಕುಳಿತುಕೊಳ್ಳುವುದನ್ನು ಅವರು ಹೇಡಿತನವೆಂದು ಎಣಿಸುವುದಿಲ್ಲ.